ಪಾಸ್‌ಬುಕ್ಕಿನಲ್ಲಿ ಕಡಿತವಾದ ಹಣ: ಯಾವ ಶುಲ್ಕವನ್ನು ಮರಳಿ ಕೇಳಬಹುದು, ಹೇಗೆ ಕೇಳಬೇಕು

ಬ್ಯಾಂಕಿನ ಮೂಲೆಯಲ್ಲಿರುವ ಯಂತ್ರಕ್ಕೆ ಪಾಸ್‌ಬುಕ್ ತೂರಿಸಿ, ಅದು ಕರಕರ ಸದ್ದು ಮಾಡುತ್ತ ಮುದ್ರಿಸಿ ಹೊರಗೆ ಬಿಟ್ಟ ಮೇಲೆ, ನಮ್ಮಲ್ಲಿ ಹೆಚ್ಚಿನವರ ಕಣ್ಣು ಹೋಗುವುದು ಕೊನೆಯ ಸಾಲಿನ ಶಿಲ್ಕಿನ ಕಡೆಗೆ ಮಾತ್ರ. ಅದರ ಮೇಲಿನ ಸಾಲುಗಳಲ್ಲಿ 17.70, 27.14, 118, 436 ಎಂಬಂಥ ಸಣ್ಣ ಮೊತ್ತಗಳು ಅರ್ಧಂಬರ್ಧ ಇಂಗ್ಲಿಷ್ ಅಕ್ಷರಗಳ ಪಕ್ಕದಲ್ಲಿ ಕಡಿತವಾಗಿ ಕುಳಿತಿರುತ್ತವೆ. ಹದಿನೈದು ರೂಪಾಯಿ ಶುಲ್ಕಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 17.70 ಆಗುತ್ತದೆ, 23 ರೂಪಾಯಿಗೆ ಸೇರಿದರೆ 27.14, ನೂರಕ್ಕೆ ಸೇರಿದರೆ 118. ಹೀಗೆ ಪೈಸೆಯ ಲೆಕ್ಕ ಹಿಡಿದು ಹಿಂದಕ್ಕೆ ಹೋದರೆ ಇದು ಯಾವ ಶುಲ್ಕವಿರಬಹುದು ಎಂಬುದರ ಸುಳಿವು ಸಿಗುತ್ತದೆ.

ಒಬ್ಬರ ಖಾತೆಯಲ್ಲಿ ಸಣ್ಣದಾಗಿ ಕಾಣುವ ಈ ಕಡಿತ ಒಟ್ಟು ಸೇರಿದಾಗ ಸಣ್ಣದಲ್ಲ. ಕನಿಷ್ಠ ಶಿಲ್ಕು ಇಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಸಾರ್ವಜನಿಕ ವಲಯದ ಬ್ಯಾಂಕುಗಳು 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ಸುಮಾರು 8,500 ಕೋಟಿ ರೂಪಾಯಿ ದಂಡ ವಸೂಲು ಮಾಡಿದ್ದವು ಎಂದು ಕೇಂದ್ರ ಹಣಕಾಸು ಸಚಿವಾಲಯವೇ 2024ರಲ್ಲಿ ಲೋಕಸಭೆಗೆ ತಿಳಿಸಿತ್ತು. ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ತಿಂಗಳಿಗೆ 2,000 ರೂಪಾಯಿ ನೇರವಾಗಿ ಖಾತೆಗೆ ಬರತೊಡಗಿದ ಮೇಲೆ, ಅಲ್ಲಿಯವರೆಗೆ ಬ್ಯಾಂಕಿನ ವ್ಯವಹಾರವೇ ಇಲ್ಲದಿದ್ದ ಲಕ್ಷಾಂತರ ಮನೆಗಳಿಗೆ ಈ ಕಡಿತಗಳ ವಿಷಯ ಹತ್ತಿರ ಬಂದಿದೆ. ಕಡಿತವಾದದ್ದೆಲ್ಲ ಅನ್ಯಾಯವಲ್ಲ, ಅನ್ಯಾಯವಾದದ್ದೆಲ್ಲ ತಾನಾಗಿ ಮರಳಿ ಬರುವುದೂ ಇಲ್ಲ. ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆಂದು ಇಲ್ಲಿ ವಿವರಿಸಲಾಗಿದೆ.

ಶುಲ್ಕವನ್ನು ನಿಗದಿ ಮಾಡುವವರು ಯಾರು

ಬ್ಯಾಂಕಿನ ಎಲ್ಲ ಶುಲ್ಕಗಳನ್ನೂ ರಿಸರ್ವ್ ಬ್ಯಾಂಕ್ ನಿಗದಿ ಮಾಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. ಒಂದು ಕಾಲದಲ್ಲಿ ಭಾರತೀಯ ಬ್ಯಾಂಕುಗಳ ಸಂಘವು ಸದಸ್ಯ ಬ್ಯಾಂಕುಗಳ ಪರವಾಗಿ ಸೇವಾ ಶುಲ್ಕದ ಮಾನದಂಡ ಗೊತ್ತುಪಡಿಸುತ್ತಿತ್ತು. 1999ರ ಸೆಪ್ಟೆಂಬರ್‌ನಿಂದ ಆ ಪದ್ಧತಿ ನಿಂತು, ಆಯಾ ಬ್ಯಾಂಕಿನ ಆಡಳಿತ ಮಂಡಳಿಯೇ ತನ್ನ ಶುಲ್ಕವನ್ನು ನಿರ್ಧರಿಸುವ ವ್ಯವಸ್ಥೆ ಬಂತು. ಕೆಲವು ನಿರ್ದಿಷ್ಟ ಸೇವೆಗಳಿಗೆ ಮಾತ್ರ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ ಅಥವಾ ಶುಲ್ಕವನ್ನೇ ನಿಷೇಧಿಸಿದೆ. ಉಳಿದ ಕಡೆ ಶುಲ್ಕ ಸಮಂಜಸವಾಗಿರಬೇಕು, ಗ್ರಾಹಕರಿಗೆ ಮೊದಲೇ ತಿಳಿದಿರಬೇಕು, ಬದಲಾಯಿಸುವುದಾದರೆ ಮುಂಚಿತವಾಗಿ ಸೂಚನೆ ಕೊಡಬೇಕು ಎಂಬಂತೆ ವಸೂಲಿಯ ರೀತಿಗೆ ಕಟ್ಟುಪಾಡು ಹಾಕಿದೆ.

ಹೋಟೆಲಿನ ದರಪಟ್ಟಿಯನ್ನು ನೆನೆದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಸಾಲೆ ದೋಸೆಗೆ ಎಷ್ಟು ಬೆಲೆಯೆಂದು ಗೊತ್ತುಮಾಡುವುದು ಮಾಲೀಕರ ಹಕ್ಕು. ಅದು ದುಬಾರಿಯೆನಿಸಿದರೆ ನಾವು ಬೇರೆ ಹೋಟೆಲಿಗೆ ಹೋಗಬಹುದೇ ಹೊರತು ದೂರು ಕೊಡಲು ಬರುವುದಿಲ್ಲ. ಆದರೆ ಗೋಡೆಯ ಮೇಲೆ ಬರೆದ ದರಕ್ಕಿಂತ ಹೆಚ್ಚು ವಸೂಲು ಮಾಡಿದರೆ, ಅಥವಾ ತಿನ್ನದ ವಡೆಗೆ ಬಿಲ್ ಹಾಕಿದರೆ, ಆಗ ಹಣ ವಾಪಸ್ ಕೇಳುವುದು ನಮ್ಮ ಹಕ್ಕು.

ಬ್ಯಾಂಕಿನ ವಿಷಯದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ಬ್ಯಾಂಕುಗಳ ವಿರುದ್ಧ ಗ್ರಾಹಕರು ಕೊಡುವ ದೂರನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಯೋಜನೆಯು ಬ್ಯಾಂಕಿನ ವಾಣಿಜ್ಯ ತೀರ್ಮಾನಗಳ ವಿರುದ್ಧದ ದೂರನ್ನು ಸ್ವೀಕರಿಸುವುದೇ ಇಲ್ಲ. ‘ಶುಲ್ಕ ಬಹಳ ಹೆಚ್ಚಾಯಿತು’ ಎಂದು ಬರೆದ ದೂರು ಅಲ್ಲಿಗೇ ಬಿದ್ದುಹೋಗಬಹುದು. ‘ಸೂಚನೆ ಕೊಡದೆ ಶುಲ್ಕ ಹಾಕಿದ್ದಾರೆ’, ‘ಈ ಬಗೆಯ ಖಾತೆಗೆ ಶುಲ್ಕವೇ ಇಲ್ಲ’, ‘ನಾನು ಈ ಸೇವೆಯನ್ನು ಕೇಳಿರಲಿಲ್ಲ’ ಎಂದು ಬರೆದ ದೂರಿಗೆ ಬ್ಯಾಂಕು ದಾಖಲೆ ಹಿಡಿದು ಉತ್ತರಿಸಬೇಕಾಗುತ್ತದೆ. ಎಷ್ಟೋ ನ್ಯಾಯವಾದ ದೂರುಗಳು ಸೋಲುವುದು ಈ ಒಂದು ವಾಕ್ಯದ ವ್ಯತ್ಯಾಸದಲ್ಲಿ ಎಂಬುದು ನನ್ನ ಅಭಿಪ್ರಾಯ.

ಕನಿಷ್ಠ ಶಿಲ್ಕಿನ ದಂಡ

ಖಾತೆಯಲ್ಲಿ ಯಾವಾಗಲೂ ಇಂತಿಷ್ಟು ಹಣ ಉಳಿದಿರಬೇಕು ಎಂಬ ಷರತ್ತಿಗೆ ಕನಿಷ್ಠ ಶಿಲ್ಕು, ಅಂದರೆ ಎಲ್ಲರ ಬಾಯಲ್ಲಿರುವ ಮಿನಿಮಮ್ ಬ್ಯಾಲೆನ್ಸ್, ಎನ್ನುತ್ತಾರೆ. ಹೆಚ್ಚಿನ ಬ್ಯಾಂಕುಗಳು ಇದನ್ನು ದಿನದ ಲೆಕ್ಕದಲ್ಲಿ ನೋಡುವುದಿಲ್ಲ, ತಿಂಗಳ ಸರಾಸರಿಯಲ್ಲಿ ನೋಡುತ್ತವೆ. ಪ್ರತಿ ದಿನದ ಕೊನೆಯಲ್ಲಿ ಖಾತೆಯಲ್ಲಿದ್ದ ಹಣವನ್ನೆಲ್ಲ ಕೂಡಿ, ತಿಂಗಳ ದಿನಗಳಿಂದ ಭಾಗಿಸಿದರೆ ಈ ಸರಾಸರಿ ಬರುತ್ತದೆ.

ಒಬ್ಬ ಗೃಹಿಣಿಯ ಖಾತೆಗೆ 2,000 ರೂಪಾಯಿ ಸರಾಸರಿ ಶಿಲ್ಕಿನ ಷರತ್ತು ಇದೆಯೆಂದು ಇಟ್ಟುಕೊಳ್ಳೋಣ. ತಿಂಗಳ ಮೊದಲ ಹತ್ತು ದಿನ ಖಾತೆಯಲ್ಲಿ 3,000 ರೂಪಾಯಿ ಇತ್ತು; ಮಕ್ಕಳ ಶಾಲೆಯ ಶುಲ್ಕ ಕಟ್ಟಿದ ಮೇಲೆ ಉಳಿದ ಇಪ್ಪತ್ತು ದಿನ 600 ರೂಪಾಯಿ ಇತ್ತು. ಹತ್ತು ದಿನದ ಮೊತ್ತ 30,000, ಇಪ್ಪತ್ತು ದಿನದ ಮೊತ್ತ 12,000. ಒಟ್ಟು 42,000ವನ್ನು 30ರಿಂದ ಭಾಗಿಸಿದರೆ 1,400. ಅಂದರೆ ಕೊರತೆ 600 ರೂಪಾಯಿ. ‘ನನ್ನ ಖಾತೆಯಲ್ಲಿ ಮೂರು ಸಾವಿರ ಇತ್ತಲ್ಲ, ದಂಡ ಯಾಕೆ’ ಎಂದು ಕೌಂಟರಿನ ಮುಂದೆ ಕೇಳುವವರ ಗೊಂದಲಕ್ಕೆ ಕಾರಣ ಈ ಸರಾಸರಿಯ ಲೆಕ್ಕವೇ.

ಕೊರತೆಯಾಯಿತೆಂದು ಕೂಡಲೇ ದಂಡ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಹೊರಡಿಸಿದ, 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸುತ್ತೋಲೆಯು ಇದರ ಕ್ರಮವನ್ನು ಗೊತ್ತುಮಾಡಿದೆ. ಶಿಲ್ಕು ಕಡಿಮೆಯಾಗಿದೆ, ಒಂದು ತಿಂಗಳೊಳಗೆ ಸರಿಪಡಿಸದಿದ್ದರೆ ದಂಡ ಬೀಳುತ್ತದೆ ಎಂದು ಬ್ಯಾಂಕು ಎಸ್‌ಎಂಎಸ್, ಇ-ಮೇಲ್ ಅಥವಾ ಪತ್ರದ ಮೂಲಕ ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಆ ಒಂದು ತಿಂಗಳೊಳಗೆ ಹಣ ತುಂಬಿದರೆ ದಂಡವಿಲ್ಲ. ತುಂಬದಿದ್ದರೂ ದಂಡವು ಕೊರತೆಗೆ ತಕ್ಕ ಪ್ರಮಾಣದಲ್ಲಿರಬೇಕು. ಅಂದರೆ ಕೊರತೆಯ ಮೊತ್ತದ ಇಂತಿಷ್ಟು ಶೇಕಡಾ ಎಂಬ ಲೆಕ್ಕದಲ್ಲಿ, ಹಂತಗಳಾಗಿ ವಿಂಗಡಿಸಿ ಹಾಕಬೇಕು. ಮೇಲಿನ ಉದಾಹರಣೆಯಲ್ಲಿ ಬ್ಯಾಂಕಿನ ದರ ಕೊರತೆಯ ಶೇ 6 ಆಗಿದ್ದರೆ ದಂಡ 36 ರೂಪಾಯಿ ಮತ್ತು ಅದರ ಜಿಎಸ್‌ಟಿ. ನೂರು ರೂಪಾಯಿ ಕಡಿಮೆಯಾದವರಿಗೂ ಎರಡು ಸಾವಿರ ಕಡಿಮೆಯಾದವರಿಗೂ ಒಂದೇ ದಂಡ ಹಾಕಿದ್ದರೆ ಅದನ್ನು ಪ್ರಶ್ನಿಸಬಹುದು.

ಅದೇ ಸುತ್ತೋಲೆಯ ಇನ್ನೊಂದು ಮಾತು ಬಡವರ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ಕನಿಷ್ಠ ಶಿಲ್ಕು ಇಟ್ಟಿಲ್ಲವೆಂಬ ದಂಡದಿಂದಾಗಿಯೇ ಖಾತೆ ಸೊನ್ನೆಗಿಂತ ಕೆಳಗೆ, ಮೈನಸ್‌ಗೆ, ಹೋಗಬಾರದು. ಖಾತೆಯಲ್ಲಿ 80 ರೂಪಾಯಿ ಇದ್ದಾಗ 118 ರೂಪಾಯಿ ದಂಡ ಬಿದ್ದು ಶಿಲ್ಕು ಮೈನಸ್ 38 ಎಂದು ಮುದ್ರಣವಾಗಿದ್ದರೆ, ಆ ಒಂದು ಸಾಲೇ ನಿಮ್ಮ ದೂರಿಗೆ ಸಾಕ್ಷಿ. ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಪಿಂಚಣಿಯೋ ಗೃಹಲಕ್ಷ್ಮಿಯ ಹಣವೋ ಜಮೆಯಾದ ದಿನವೇ ಹಳೆಯ ಮೈನಸ್ಸನ್ನು ಅದರಿಂದ ಮುರಿದುಕೊಂಡಿದ್ದರೆ ಆ ಸಾಲನ್ನೂ ಗುರುತು ಮಾಡಿ ದೂರಿನಲ್ಲಿ ಬರೆಯಿರಿ.

ದಂಡವೇ ಇಲ್ಲದ ಖಾತೆಗಳು

ಮೂಲ ಉಳಿತಾಯ ಠೇವಣಿ ಖಾತೆ ಎಂಬ ಒಂದು ಬಗೆಯಿದೆ. ಜನರು ಇದನ್ನು ಜೀರೊ ಬ್ಯಾಲೆನ್ಸ್ ಖಾತೆ ಎನ್ನುತ್ತಾರೆ. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ಖಾತೆಗಳು ಈ ಬಗೆಗೆ ಸೇರಿದವು. ಇದರಲ್ಲಿ ಕನಿಷ್ಠ ಶಿಲ್ಕಿನ ಷರತ್ತೇ ಇಲ್ಲ. 2019ರ ಜೂನ್ 10ರ ಸುತ್ತೋಲೆಯಂತೆ ಹಣ ಜಮಾ ಮಾಡಲು ಮಿತಿಯಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಹಣ ತೆಗೆಯುವುದು ಉಚಿತ, ಎಟಿಎಂ ಕಾರ್ಡ್ ಕೂಡ ಉಚಿತ. ಸಾಮಾನ್ಯ ಉಳಿತಾಯ ಖಾತೆ ಇರುವವರು ಅದನ್ನು ಈ ಬಗೆಗೆ ಬದಲಾಯಿಸಿಕೊಡಿ ಎಂದು ಅರ್ಜಿ ಕೊಡಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗ್ರಾಹಕರು ವ್ಯವಹಾರ ಮಾಡದೆ ನಿಷ್ಕ್ರಿಯವಾದ ಖಾತೆಗೂ ಕನಿಷ್ಠ ಶಿಲ್ಕಿನ ದಂಡ ಹಾಕುವಂತಿಲ್ಲ, ಅದನ್ನು ಮತ್ತೆ ಚಾಲ್ತಿಗೆ ತರಲು ಶುಲ್ಕ ಕೇಳುವಂತಿಲ್ಲ. ಹಳೆಯ ಸಂಬಳದ ಖಾತೆಯನ್ನು ಮರೆತುಬಿಟ್ಟವರು ಇದನ್ನು ನೆನಪಿಡಬೇಕು. ಇನ್ನು ಕೆಲವು ಬ್ಯಾಂಕುಗಳು ತಾವಾಗಿಯೇ ಈ ದಂಡವನ್ನು ಕೈಬಿಟ್ಟಿವೆ: ಭಾರತೀಯ ಸ್ಟೇಟ್ ಬ್ಯಾಂಕ್ 2020ರಲ್ಲಿ, ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೆ. ಇಂಥ ಘೋಷಣೆ ಜಾರಿಯಾದ ದಿನಾಂಕದ ನಂತರವೂ ಯಾವುದೇ ಬ್ಯಾಂಕಿನಲ್ಲಿ ಕಡಿತ ಕಂಡರೆ ಬ್ಯಾಂಕಿನದೇ ಘೋಷಣೆಯನ್ನು ತೋರಿಸಿ ಕೇಳಬಹುದು.

ಎಟಿಎಂನಲ್ಲಿ ಹಣ ಬರಲಿಲ್ಲ, ಖಾತೆಯಿಂದ ಹೋಯಿತು

ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ವ್ಯವಹಾರ, ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬೆಂಗಳೂರಿನಂಥ ಆರು ಮಹಾನಗರಗಳಲ್ಲಿ ಮೂರು, ಉಳಿದ ಊರುಗಳಲ್ಲಿ ಐದು ವ್ಯವಹಾರ ಉಚಿತ. ಇದನ್ನು ಮೀರಿದರೆ 2025ರ ಮೇ 1ರಿಂದ ಒಂದು ವ್ಯವಹಾರಕ್ಕೆ ಹೆಚ್ಚೆಂದರೆ 23 ರೂಪಾಯಿ ಮತ್ತು ತೆರಿಗೆ ಹಾಕಬಹುದು. ಆದರೆ ಯಂತ್ರದಲ್ಲಿ ನೋಟಿಲ್ಲದೆ, ಸಂಪರ್ಕ ಕಡಿದು, ಅಥವಾ ತಾಂತ್ರಿಕ ದೋಷದಿಂದ ವಿಫಲವಾದ ವ್ಯವಹಾರವನ್ನು ಈ ಲೆಕ್ಕಕ್ಕೆ ಹಿಡಿಯಬಾರದೆಂದು 2019ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ. ಹಬ್ಬದ ಹಿಂದಿನ ದಿನ ಮೂರು ಎಟಿಎಂ ಅಲೆದು ನಾಲ್ಕನೆಯದರಲ್ಲಿ ಹಣ ಸಿಕ್ಕವರಿಗೆ, ಮೊದಲ ಮೂರು ಸಲದ ವಿಫಲ ಯತ್ನವೂ ಎಣಿಕೆಗೆ ಸೇರಿ 27.14 ಕಡಿತವಾಗಿದ್ದರೆ, ಅದು ಮರಳಿ ಕೇಳತಕ್ಕ ಹಣ.

ಇನ್ನೂ ದೊಡ್ಡ ತೊಂದರೆಯೆಂದರೆ ನೋಟು ಕೈಗೆ ಬಾರದೆ ಖಾತೆಯಿಂದ ಹಣ ಹೋಗುವುದು. ಅಂಥ ಹಣವನ್ನು ವ್ಯವಹಾರ ನಡೆದ ದಿನದಿಂದ ಐದು ದಿನಗಳೊಳಗೆ ಬ್ಯಾಂಕು ಮರಳಿ ಜಮಾ ಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಿಸಬೇಕು. ಒಂದನೇ ತಾರೀಕಿನಂದು ಹೋದ ಹಣ ಆರನೇ ತಾರೀಕಿನೊಳಗೆ ಬರಬೇಕಾಗಿತ್ತು; ಹದಿನಾರಕ್ಕೆ ಬಂದರೆ ಹತ್ತು ದಿನದ ವಿಳಂಬಕ್ಕೆ 1,000 ರೂಪಾಯಿ. ಯುಪಿಐನಲ್ಲಿ ಕಳುಹಿಸಿದವರ ಖಾತೆಯಿಂದ ಹಣ ಹೋಗಿ ಪಡೆಯುವವರಿಗೆ ತಲುಪದಿದ್ದರೆ ಮರುದಿನದೊಳಗೆ ವಾಪಸಾಗಬೇಕು, ತಡವಾದರೆ ಅಲ್ಲಿಯೂ ಅದೇ ನೂರು ರೂಪಾಯಿ. 2019ರ ಅಕ್ಟೋಬರ್ 15ರಿಂದ ಇರುವ ಈ ನಿಯಮದಂತೆ ಪರಿಹಾರವನ್ನು ಗ್ರಾಹಕರು ಕೇಳದೆಯೇ ಕೊಡಬೇಕು. ಆದರೂ ಮೂಲ ಹಣ ಬಂದ ಸಂತೋಷದಲ್ಲಿ ಈ ಪರಿಹಾರ ಬಂದಿದೆಯೇ ಎಂದು ಬಹಳ ಮಂದಿ ನೋಡುವುದೇ ಇಲ್ಲ.

ಕೇಳದೆ ಬಂದ ವಿಮೆ, ಎಸ್‌ಎಂಎಸ್ ಶುಲ್ಕ

ಮೇ ತಿಂಗಳ ಕೊನೆಯ ವಾರದಲ್ಲಿ 436 ಅಥವಾ 20 ರೂಪಾಯಿ ಕಡಿತವಾಗಿದ್ದರೆ ಅದು ಬ್ಯಾಂಕಿನ ಶುಲ್ಕವಲ್ಲ. 436 ರೂಪಾಯಿ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು, 20 ರೂಪಾಯಿ ಸುರಕ್ಷಾ ವಿಮೆಯದು. ಎರಡೂ ಎರಡು ಲಕ್ಷ ರೂಪಾಯಿ ವಿಮೆಯ ಯೋಜನೆಗಳು. ಅನೇಕ ಕುಟುಂಬಗಳಿಗೆ ಆಪತ್ಕಾಲದಲ್ಲಿ ನೆರವಾಗಬಲ್ಲವು. ಆದ್ದರಿಂದ ದುಡುಕಿ ರದ್ದು ಮಾಡಿಸುವ ಮೊದಲು ಮನೆಯವರೊಡನೆ ವಿಚಾರ ಮಾಡುವುದು ಒಳ್ಳೆಯದು. ಆದರೆ ಖಾತೆದಾರರ ಒಪ್ಪಿಗೆಯಿಲ್ಲದೆ ಕಂತು ಕಡಿತ ಮಾಡುವಂತಿಲ್ಲ. ನೀವು ಒಪ್ಪಿಗೆ ಕೊಟ್ಟ ನೆನಪಿಲ್ಲದಿದ್ದರೆ ‘ನಾನು ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ ಕೊಡಿ’ ಎಂದು ಲಿಖಿತವಾಗಿ ಕೇಳಿ. ಪ್ರತಿ ತೋರಿಸಲಾಗದಿದ್ದರೆ ಹಣ ವಾಪಸ್ ಕೇಳಲು ಅದೇ ಆಧಾರ. ಸಾಲ ಮಂಜೂರಾದಾಗ ಅಥವಾ ಠೇವಣಿ ಇಟ್ಟಾಗ ಸೇರಿಸಿಬಿಟ್ಟ ಬೇರೆ ವಿಮೆಗಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಎಸ್‌ಎಂಎಸ್ ಶುಲ್ಕವನ್ನು ನಿಜವಾಗಿ ಕಳುಹಿಸಿದ ಸಂದೇಶಗಳ ಲೆಕ್ಕದಲ್ಲಿ ಹಾಕಬೇಕೆಂದು 2013ರ ನವೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಹೇಳಿತ್ತು. ಉಳಿತಾಯ ಖಾತೆದಾರರು ಮೊಬೈಲ್ ಅಥವಾ ಇಂಟರ್ನೆಟ್ ಮೂಲಕ ಮಾಡುವ ಎನ್‌ಇಎಫ್‌ಟಿ ವರ್ಗಾವಣೆಗೆ 2020ರ ಜನವರಿ 1ರಿಂದ ಶುಲ್ಕವಿಲ್ಲ.

ಸಾಲದ ಖಾತೆಯಲ್ಲಿ

ಬದಲಾಗುವ ಬಡ್ಡಿದರದ, ಅಂದರೆ ಫ್ಲೋಟಿಂಗ್ ದರದ, ಗೃಹ ಸಾಲವನ್ನು ಅವಧಿಗೆ ಮೊದಲೇ ತೀರಿಸಿದವರಿಂದ ಬ್ಯಾಂಕು ದಂಡ ವಸೂಲು ಮಾಡುವುದನ್ನು 2012ರಲ್ಲೇ ನಿಲ್ಲಿಸಲಾಗಿದೆ. 2014ರಲ್ಲಿ ವ್ಯಕ್ತಿಗಳು ಪಡೆದ ಎಲ್ಲ ಫ್ಲೋಟಿಂಗ್ ದರದ ಅವಧಿ ಸಾಲಗಳಿಗೂ ಅದನ್ನು ವಿಸ್ತರಿಸಲಾಯಿತು. ಕಂತು ತಪ್ಪಿದಾಗ ಹಾಕುವ ದಂಡದ ಬಗ್ಗೆ 2023ರ ಆಗಸ್ಟ್ 18ರ ಸುತ್ತೋಲೆ ಬದಲಾವಣೆ ತಂದಿತು. ದಂಡವನ್ನು ಬಡ್ಡಿದರಕ್ಕೆ ಸೇರಿಸಿ ದಂಡಬಡ್ಡಿಯಾಗಿ ಹಾಕುವಂತಿಲ್ಲ, ಪ್ರತ್ಯೇಕ ಶುಲ್ಕವಾಗಿಯೇ ತೋರಿಸಬೇಕು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಲೆಕ್ಕ ಹಾಕುವಂತಿಲ್ಲ. ಸಾಲ ತೀರಿದ ಮೂವತ್ತು ದಿನದೊಳಗೆ ಆಸ್ತಿಯ ಮೂಲ ಪತ್ರಗಳನ್ನು ಹಿಂದಿರುಗಿಸದಿದ್ದರೆ, ವಿಳಂಬ ಬ್ಯಾಂಕಿನದೇ ಆಗಿದ್ದಲ್ಲಿ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ರಿಸರ್ವ್ ಬ್ಯಾಂಕ್ ತನ್ನ ಸಾವಿರಾರು ಹಳೆಯ ಸುತ್ತೋಲೆಗಳನ್ನು 2025ರ ನವೆಂಬರ್‌ನಲ್ಲಿ ಒಟ್ಟುಗೂಡಿಸಿ ಹೊಸ ನಿರ್ದೇಶನಗಳಾಗಿ ಪ್ರಕಟಿಸಿದೆ. ಹಾಗಾಗಿ ದೂರಿನಲ್ಲಿ ಸುತ್ತೋಲೆಯ ಸಂಖ್ಯೆಗಿಂತ ನಿಯಮದ ವಿಷಯವನ್ನು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು.

ದೂರು ಬರೆಯುವುದು ಹೇಗೆ

ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳುವುದು ತಪ್ಪಲ್ಲ; ಸಣ್ಣ ಮೊತ್ತವನ್ನು ವ್ಯವಸ್ಥಾಪಕರು ಅಲ್ಲಿಯೇ ಸರಿಪಡಿಸುವುದೂ ಉಂಟು. ಆದರೆ ‘ಸಿಸ್ಟಮ್ ಕಟ್ ಮಾಡಿದೆ, ನಮ್ಮ ಕೈಯಲ್ಲಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಬಾರದು. ಸಿಸ್ಟಮ್‌ಗೆ ಆ ನಿಯಮ ತುಂಬಿದ್ದು ಬ್ಯಾಂಕೇ. ಒಂದು ಪುಟದ ಪತ್ರ ಸಾಕು, ಅದು ಕನ್ನಡದಲ್ಲಿದ್ದರೆ ಸಾಕು. ಹೀಗೆ ಬರೆಯಬಹುದು:

‘ನನ್ನ ಉಳಿತಾಯ ಖಾತೆಯಿಂದ ಇಂಥ ದಿನಾಂಕದಂದು ಕನಿಷ್ಠ ಶಿಲ್ಕಿನ ದಂಡವೆಂದು 118 ರೂಪಾಯಿ ಕಡಿತವಾಗಿದೆ. ದಂಡಕ್ಕೆ ಮೊದಲು ನೀಡಬೇಕಾದ ಒಂದು ತಿಂಗಳ ಸೂಚನೆ ನನಗೆ ತಲುಪಿಲ್ಲ. ಸೂಚನೆ ಕಳುಹಿಸಿದ ದಿನಾಂಕ, ಅದು ಹೋದ ಮೊಬೈಲ್ ಸಂಖ್ಯೆ, ಆ ತಿಂಗಳ ಸರಾಸರಿ ಶಿಲ್ಕಿನ ಲೆಕ್ಕ ಮತ್ತು ದಂಡದ ದರಪಟ್ಟಿಯನ್ನು ಲಿಖಿತವಾಗಿ ತಿಳಿಸಬೇಕು. ಸೂಚನೆ ಕಳುಹಿಸಿರದಿದ್ದಲ್ಲಿ ಜಿಎಸ್‌ಟಿ ಸಹಿತ ಪೂರ್ಣ ಮೊತ್ತವನ್ನು ನನ್ನ ಖಾತೆಗೆ ಮರಳಿ ಜಮಾ ಮಾಡಬೇಕೆಂದು ಕೋರುತ್ತೇನೆ.’

ಈ ಪತ್ರದಲ್ಲಿ ಕೋಪವೂ ಇಲ್ಲ, ಅಂಗಲಾಚುವಿಕೆಯೂ ಇಲ್ಲ. ದಿನಾಂಕ, ಮೊತ್ತ, ತಪ್ಪಿದ ನಿಯಮ, ಬೇಕಾದ ಪರಿಹಾರ ಇಷ್ಟೇ ಇದೆ. ಪಾಸ್‌ಬುಕ್ಕಿನ ಆ ಪುಟದ ಪ್ರತಿಯನ್ನು ಲಗತ್ತಿಸಿ, ಪತ್ರದ ಎರಡನೆಯ ಪ್ರತಿಯ ಮೇಲೆ ಶಾಖೆಯ ಮೊಹರು, ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಬ್ಯಾಂಕಿನ ಆ್ಯಪ್ ಅಥವಾ ಸಹಾಯವಾಣಿಯಲ್ಲಿ ದೂರು ದಾಖಲಿಸಿದರೆ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಸ್ವೀಕೃತಿಯ ಮೇಲೆ ನಿಂತಿವೆ. ಅದಿಲ್ಲದೆ ಮೇಲಿನವರ ಬಳಿಗೆ ಹೋದರೆ ‘ಮೊದಲು ಬ್ಯಾಂಕಿಗೆ ದೂರು ಕೊಡಿ’ ಎಂದು ವಾಪಸ್ ಕಳುಹಿಸುತ್ತಾರೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ನಿಮ್ಮ ಮೊಬೈಲ್ ಸಂಖ್ಯೆ ಬದಲಾಗಿ, ಅದನ್ನು ಬ್ಯಾಂಕಿಗೆ ತಿಳಿಸದೆ ಇದ್ದು, ಸೂಚನೆ ಹಳೆಯ ಸಂಖ್ಯೆಗೆ ಹೋಗಿದ್ದರೆ ನಿಮ್ಮ ವಾದ ದುರ್ಬಲವಾಗುತ್ತದೆ. ಹಾಗೆಯೇ ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದ ಶುಲ್ಕ, ಲಾಕರ್ ಬಾಡಿಗೆ, ಡಿಮ್ಯಾಂಡ್ ಡ್ರಾಫ್ಟ್ ಶುಲ್ಕ ಇಂಥವು ದರಪಟ್ಟಿಯ ಪ್ರಕಾರವೇ ಇದ್ದರೆ ಮರಳಿ ಸಿಗುವ ಸಂಭವ ಕಡಿಮೆ.

ಮೂವತ್ತು ದಿನ ಕಳೆದ ಮೇಲೆ

ಬ್ಯಾಂಕು ಮೂವತ್ತು ದಿನದೊಳಗೆ ಉತ್ತರ ಕೊಡದಿದ್ದರೆ, ದೂರನ್ನು ತಿರಸ್ಕರಿಸಿದರೆ, ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಬ್ಯಾಂಕಿಗೂ ಗ್ರಾಹಕರಿಗೂ ನಡುವೆ ನಿಂತು ದೂರು ವಿಚಾರಿಸಲು ರಿಸರ್ವ್ ಬ್ಯಾಂಕ್ ನೇಮಿಸಿದ ಅಧಿಕಾರಿಯೇ ಒಂಬುಡ್ಸ್‌ಮನ್. 2021ರ ನವೆಂಬರ್ 12ರಂದು ಆರಂಭವಾದ ಸಮಗ್ರ ಯೋಜನೆಯಲ್ಲಿ ದೇಶದ ಎಲ್ಲ ದೂರುಗಳೂ ಒಂದೇ ಕಡೆ ಸೇರುತ್ತವೆ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಓಆರ್‌ಜಿ ಡಾಟ್ ಇನ್ ಎಂಬ ತಾಣದಲ್ಲಿ ದೂರು ಸಲ್ಲಿಸಬಹುದು, ಅಥವಾ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸಬಹುದು. 14448 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾಹಿತಿ ಸಿಗುತ್ತದೆ. ದೂರಿಗೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ.

2021ರ ಯೋಜನೆಯು ಬ್ಯಾಂಕಿನ ಉತ್ತರ ಬಂದ ಮೇಲೆ ದೂರಿಗೆ ಒಂದು ವರ್ಷದ ಕಾಲಾವಕಾಶ ಕೊಟ್ಟಿತ್ತು. ಇಂಥ ಗಡುವುಗಳು ಯೋಜನೆ ಪರಿಷ್ಕರಣೆಯಾದಾಗ ಬದಲಾಗುತ್ತವೆ. ಆದ್ದರಿಂದ ಮೂವತ್ತು ದಿನ ಮುಗಿದ ವಾರದಲ್ಲಿಯೇ ದೂರು ಸಲ್ಲಿಸುವುದು ಸುರಕ್ಷಿತ. ಇದೇ ವಿಷಯ ನ್ಯಾಯಾಲಯದಲ್ಲಿದ್ದರೆ ಒಂಬುಡ್ಸ್‌ಮನ್ ವಿಚಾರಿಸುವುದಿಲ್ಲ. ನಮ್ಮ ರಾಜ್ಯದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು: ವಾಣಿಜ್ಯ ಬ್ಯಾಂಕುಗಳೂ ಗ್ರಾಮೀಣ ಬ್ಯಾಂಕುಗಳೂ ಈ ಯೋಜನೆಗೆ ಸೇರಿವೆ, ಆದರೆ ಊರೂರಲ್ಲಿರುವ ಸೌಹಾರ್ದ ಸಹಕಾರಿಗಳೂ ಕೃಷಿ ಪತ್ತಿನ ಸಂಘಗಳೂ ಸೇರಿಲ್ಲ. ಅವುಗಳ ವಿರುದ್ಧದ ದೂರು ಸಹಕಾರ ಇಲಾಖೆಗೆ ಹೋಗಬೇಕು.

ಒಂಬುಡ್ಸ್‌ಮನ್ ದಾರಿ ಬೇಡವೆನಿಸಿದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಸೇವೆಗೆ ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿಯೂ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಹಣ ಮರಳಿ ಬಂದಿದೆ ಎಂಬ ಸಂದೇಶ ಬಂದ ಮೇಲೆ ಪಾಸ್‌ಬುಕ್ ಮತ್ತೊಮ್ಮೆ ಮುದ್ರಿಸಿಕೊಳ್ಳಿ. 118 ರೂಪಾಯಿ ಕಡಿತವಾಗಿದ್ದಲ್ಲಿ ಕೇವಲ 100 ಜಮೆಯಾಗಿದ್ದರೆ, ತೆರಿಗೆಯ 18 ರೂಪಾಯಿ ಇನ್ನೂ ಬರಬೇಕಾಗಿದೆ. ಅದನ್ನು ಕೊಡಿಸಿಕೊಂಡ ಮೇಲೆಯೇ ದೂರನ್ನು ಮುಕ್ತಾಯಗೊಳಿಸಲು ಒಪ್ಪಿಗೆ ಕೊಡಿ.